ಕಾಲುಸಂಕದ ಕೇಸೂ ಕೋರ್ಟು ಸಿನೆಮಾವೂ

ಪುತ್ತೂರಿನಲ್ಲಿ ಇಷ್ಟು ವರ್ಷ ಕರಿಕೋಟು ಹಾಕಿದವನಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ನಾನೋ ಮೊದಲೇ ಹಗಲುಗನಸಿನವನು. ಅದರ ಮೇಲೆ ಸಿನೆಮಾ ಹುಚ್ಚಿನ ಕಕ್ಷಿದಾರರು ಸಿಕ್ಕಿದರೆ ಕೇಳುವುದೇ ಬೇಡ.

ಆಕ್ಷೇಪ

ನನ್ನ ಕಕ್ಷಿದಾರರು ಕೋಡಿಂಬಾಳದ ರಬ್ಬರ್ ತೋಟದ ಯಜಮಾನರೊಬ್ಬರು. ತೋಟದಂಚಿನ ತೋಡಿನ, ಅಂದರೆ ಹಳ್ಳದ, ಆಚೆ ಬೀಡಿ ಕಟ್ಟಿಕೊಂಡು, ಆಡು ಸಾಕಿಕೊಂಡಿರುವ ಅಕ್ಕನೊಬ್ಬರ ಮನೆ. ಆಡುಗಳು ಕಾಲುಸಂಕ, ಅಂದರೆ ಮರದ ಕಿರುಸೇತುವೆ, ದಾಟಿ ಬಂದು ಇವರ ಮರಗೆಣಸಿನ ಚಿಗುರು ತಿಂದವು; ಆ ಸಿಟ್ಟಿಗೆ ಇವರು ಸಂಕವನ್ನೇ ಕಡಿದುಹಾಕಿದರೆಂದು ಆರೋಪ. ಅಂದಿನಿಂದ ಅಕ್ಕ ಪೇಟೆಗೆ ಬರಬೇಕಾದರೆ ಗುಡ್ಡ ಸುತ್ತಬೇಕು.

"ಕಡಿದದ್ದು ಹೌದಾ?" ಎಂದು ಕೇಳಿದೆ.

"ಸಿನೆಮಾದಲ್ಲಿ ವಕೀಲರು ಹಾಗೆಲ್ಲ ಕೇಳುದಿಲ್ಲ ಮಾರಾಯ್ರೆ. ಮೇಜು ಗುದ್ದಿ ಬೊಬ್ಬೆ ಹೊಡೆಯುದು ಮಾತ್ರ."

ಮಲಯಾಳಂ ಕೋರ್ಟು ಸಿನೆಮಾ ಅವರು ಒಂದೂ ಬಿಟ್ಟವರಲ್ಲ.

ಆ ಮಾತು ನನ್ನ ತಲೆಯೊಳಗೆ ಕೂತಿತು. ವಿಚಾರಣೆಯ ದಿನ ಊಟದ ನಂತರದ ಹೊತ್ತು. ಕಿಟಕಿಯ ಬಿಸಿಲಿನಲ್ಲಿ ದೂಳು ಮೆಲ್ಲಗೆ ತೇಲುತ್ತಿತ್ತು, ನಾನೂ ತೇಲಿದೆ. ಹಿನ್ನೆಲೆ ಸಂಗೀತ ಶುರುವಾಯಿತು. ಮೇಜು ಗುದ್ದಿ "ಅಬ್ಜೆಕ್ಷನ್!" ಎಂದು ಕೂಗಿಯೇಬಿಟ್ಟೆ.

ನ್ಯಾಯಾಧೀಶರು ಕನ್ನಡಕ ಇಳಿಸಿದರು. "ವಕೀಲರೇ, ನಾನು ಕೊಟ್ಟದ್ದು ಮುಂದಿನ ತಾರೀಕು. ಅದೂ ನೀವೇ ಕೇಳಿದ್ದು."

ತೀರ್ಪು

ಕಡಿದದ್ದನ್ನು ಕಂಡವರು ಯಾರೂ ಇರಲಿಲ್ಲ. ನಾವು ಗೆದ್ದೆವು. ಕೋರ್ಟಿನ ಜಗಲಿಯಲ್ಲಿ ಅಕ್ಕ ಎದುರಾದರು. ಬೈಯುತ್ತಾರೆಂದುಕೊಂಡೆ, ಬೈಯಲಿಲ್ಲ.

"ಒಳಗೆ ಎಂತ ಹೇಳಿದ್ದು ವಕೀಲರೇ?"

"ಇವರು ಸಂಕ ಕಡಿದದ್ದಕ್ಕೆ ಸಾಕ್ಷಿ ಇಲ್ಲ ಅಂತ."

"ಅಂದ್ರೆ ಯಾರೂ ಕಡಿಯಲಿಲ್ಲ ಅಂತಲಾ?"

"ಹಾಗೇ ಇಟ್ಟುಕೊಳ್ಳಿ."

"ಹಾಗಾದ್ರೆ ಸಂಕ ಅಲ್ಲೇ ಉಂಟಲ್ಲ! ಒಮ್ಮೆ ಬನ್ನಿ. ಮೊದಲು ನೀವು ದಾಟಿ, ಹಿಂದಿನಿಂದ ನಾನು ಬರ್ತೇನೆ."

ನಗು ಬಂತು, ನಾಚಿಕೆಯೂ ಆಯಿತು. ಕಾನೂನು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಅಕ್ಕ ಮಾತ್ರ ತೋಡಿನ ಆಚೆಯೇ ಉಳಿದರು.

ಡಿಕ್ಕಿ

ಅಂದು ಸಂಜೆ ನನಗೆ ಕಡಬದಲ್ಲಿ ಕೆಲಸವಿತ್ತು. ಕೋಡಿಂಬಾಳ ಅಲ್ಲೇ ಹತ್ತಿರವೆಂದು ಕಕ್ಷಿದಾರರನ್ನೂ ಕಾರಿನಲ್ಲಿ ಕೂರಿಸಿಕೊಂಡೆ. ಗೆದ್ದ ಖುಷಿಯಲ್ಲಿ ಅವರು ಹೊಸ ಸಿನೆಮಾದ ಕತೆ ತೆಗೆದರು.

"ಅದರಲ್ಲಿ ವಕೀಲ ತಪ್ಪು ಮಾಡಿದವನನ್ನು ಕೋರ್ಟಲ್ಲಿ ಬಿಡಿಸ್ತಾನೆ. ಆಮೇಲೆ ಕಾರಲ್ಲಿ ಕಾಡಿಗೆ ಕರ್ಕೊಂಡು ಹೋಗಿ, ಡಿಕ್ಕಿಯಿಂದ ಕತ್ತಿ ತೆಗೆದು ತಾನೇ..."

ಅಲ್ಲಿಗೆ ಮಾತು ನಿಂತಿತು. ನನಗೆ ಅದರ ಕಡೆ ಗಮನವಿರಲಿಲ್ಲ, ಅಕ್ಕನ ಸವಾಲೇ ಕಿವಿಯಲ್ಲಿತ್ತು. ಕಾಡು ಶುರುವಾಗುವಲ್ಲಿ ಕಾರು ನಿಲ್ಲಿಸಿ, ಏನೂ ಹೇಳದೆ ಮರಗಳ ಸಂದಿಗೆ ಹೋದೆ. ಅಲ್ಲಿ ಮಂಜು ಎಲೆಯಿಂದ ಎಲೆಗೆ ಇಳಿಯುತ್ತಿತ್ತು. ನೋಡುತ್ತ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಮರಳಿ ಬಂದು, ಕೈತೊಳೆಯಲು ನೀರಿನ ಬಾಟಲಿಗೆಂದು ಕಾರಿನ ಹಿಂದಿನ ಡಿಕ್ಕಿ ತೆರೆದೆ.

ಕಕ್ಷಿದಾರರು ಬಾಗಿಲು ತಳ್ಳಿ ಹೊರಗೆ ಹಾರಿದರು. "ನಾನೇ ಕಡಿದದ್ದು! ನಾಳೆಯೇ ಹೊಸತು ಹಾಕಿಸ್ತೇನೆ ವಕೀಲರೇ, ನನಗೆ ಹೆಂಡತಿ ಮಕ್ಕಳು ಉಂಟು!"

ನನಗೆ ತಲೆಬುಡ ತಿಳಿಯಲಿಲ್ಲ. "ಆಯ್ತು" ಎಂದೆ. ಅಷ್ಟರಲ್ಲಿ ಬಂದ ಬಸ್ಸಿಗೆ ಅವರು ಹತ್ತಿಯೇಬಿಟ್ಟರು.

ಮುಂದಿನ ವಾರ ಅಕ್ಕನ ಫೋನು.

"ಹೊಸ ಸಂಕ ಬಂತು ವಕೀಲರೇ! ಹಿಡಿದುಕೊಳ್ಳಲಿಕ್ಕೆ ಎರಡೂ ಬದಿ ಬಿದಿರು ಕಟ್ಟಿಸಿದ್ದಾರೆ. ಆಡುಗಳೂ ಆರಾಮ ದಾಟ್ತವೆ. ಕೋರ್ಟಲ್ಲಿ ಆಗದ್ದು ನಿಮ್ಮಿಂದ ಹೇಗಾಯ್ತು? ಅವರಿಗೆ ಎಂತ ಹೇಳಿದ್ರಿ?"

"ಎಂತದ್ದೂ ಹೇಳ್ಲಿಲ್ಲ ಅಕ್ಕ," ಎಂದೆ. "ಮೂತ್ರಕ್ಕೆ ಅಂತ ಕಾರು ನಿಲ್ಲಿಸಿದ್ದು."