ಇಲ್ಲೇ ಹೋಗಿ ಬರಲು ಸ್ಕೂಟರಿನ ಕೀ ಕೋರಿ

ದಿನಾಂಕ: ಹುಣ್ಣಿಮೆಗೆ ಇನ್ನು ಹದಿನಾಲ್ಕು ದಿನ

ಇಂದ,
ಪೆರ್ಪೆತ್ವಾ ಸುಮಾಲ್ಪೊಂಗ್, ವಯಸ್ಸು ಎಪ್ಪತ್ತೆರಡು, ಓದಿದ್ದು ಮೂರನೇ ತರಗತಿ,
ಹಡಗುಕಟ್ಟೆಯಲ್ಲಿ ಅಕ್ಕಿಕಡುಬು ಮಾರುವವಳು, ಕಂಬುಲಾವನ್ ಗ್ರಾಮ.

ಗೆ,
ಗ್ರಾಮದ ಮುಖ್ಯಸ್ಥರಾದ ಕ್ಯಾಪ್ಟನ್ ಎಲ್ಪಿಡಿಯೊ ಮಾಘಾನೊಯ್ ಅವರು
(ನನ್ನ ತಂಗಿ ಕ್ರಿಸ್ಪಿನಾಳ ಮಗ).

ವಿಷಯ: ನನ್ನ ಸ್ಕೂಟರಿನ ಕೀ ಹಿಂದಿರುಗಿಸುವ ಬಗ್ಗೆ.

ಉಲ್ಲೇಖ: ಕಳೆದ ಮಂಗಳವಾರ ತಾವು ಅದನ್ನು ಜೇಬಿಗೆ ಇಳಿಸಿ "ದೊಡ್ಡಮ್ಮ, ಇನ್ನು ಸಾಕು" ಎಂದದ್ದು.

ಮಾನ್ಯರೇ,

ಮನೆಯಲ್ಲಾದರೆ "ಲೋ" ಎನ್ನುತ್ತಿದ್ದೆ. ಇದು ಕಚೇರಿಯ ಕಾಗದವಾದ ಕಾರಣ ಕೊನೆಯವರೆಗೂ ತಾವು ಎಂದೇ ಬರೆಯುತ್ತೇನೆ.

೧. ಸದರಿ ಸ್ಕೂಟರು ಚರ್ಚಿನ ಲಾಟರಿಯಲ್ಲಿ ಬಂದದ್ದು. ನಾನು ಆಸೆಪಟ್ಟದ್ದು ಮೊದಲ ಬಹುಮಾನದ ಹಂದಿಗೆ. ಸಿಕ್ಕಿದ್ದು ಎರಡನೆಯದು. ಹಂದಿಗೆ ಕೀ ಇರುವುದಿಲ್ಲವಾದ್ದರಿಂದ ಅದು ಸಿಕ್ಕಿದ್ದರೆ ಈ ಅರ್ಜಿಯೇ ಬೇಕಿರಲಿಲ್ಲ.

೨. ನಾನು ಹುಟ್ಟಿದ್ದು ದ್ವೀಪದ ಆಚೆ ಮಗ್ಗುಲಿನಲ್ಲಿ. ಆರು ವರ್ಷದವಳಿದ್ದಾಗ ದೋಣಿಯಲ್ಲಿ ಈಚೆಗೆ ಕರೆತಂದರು. ಮತ್ತೆ ಹೋಗಿಲ್ಲ. ಅಲ್ಲಿ ಸಮುದ್ರ ಚೆನ್ನಾಗಿ ಇಳಿದ ದಿನ ಮರಳಿನಲ್ಲಿ ಸಿಹಿನೀರಿನ ಒರತೆಯೊಂದು ಕಾಣುತ್ತಿತ್ತು, ಅಂಗೈ ಅಗಲ. ಅವ್ವ ತೆಂಗಿನ ಚಿಪ್ಪಿನಲ್ಲಿ ಮೊಗೆದು ಕೊಡುತ್ತಿದ್ದಳು. ಕಾಲಿಗೆ ಉಪ್ಪುನೀರು, ಬಾಯಿಗೆ ಸಿಹಿನೀರು. ಮುಂದಿನ ತಿಂಗಳು ಅಲ್ಲಿ ಹೊಸ ಹಡಗುಕಟ್ಟೆಗೆ ಸಿಮೆಂಟು ಸುರಿಯುತ್ತಾರಂತೆ. ಆದ್ದರಿಂದ ಹೊರಟೆ.

೩. ಬಾಡಿಗೆ ಸ್ಕೂಟರಿನ ಪ್ರವಾಸಿಗರು ನನ್ನಲ್ಲಿ ಕಡುಬು ತಿಂದು ಹೋಗಿ, ಮಧ್ಯಾಹ್ನಕ್ಕೆಲ್ಲ "ದ್ವೀಪ ಪೂರ್ತಿ ನೋಡಿದ್ವಿ" ಎಂದು ಬರುತ್ತಾರೆ. ನನಗೆ ನಲವತ್ತೊಂದು ಕಿಲೋಮೀಟರಿಗೆ ಹನ್ನೊಂದು ದಿನ ಹಿಡಿಯಿತು. ಕಾರಣ, ಉಣ್ಣುತ್ತಿರುವವರು ದಾರಿಯಲ್ಲಿ ಯಾರನ್ನು ಕಂಡರೂ "ಬನ್ನಿ, ಉಣ್ಣೋಣ" ಎನ್ನುವುದು ನಮ್ಮ ಪದ್ಧತಿ. "ಈಗಷ್ಟೇ ಆಯ್ತು" ಎಂದು ಮುಂದೆ ಹೋಗುವುದೂ ಪದ್ಧತಿ. ಆದರೆ ನಾನು ಹೋಗುವ ನಿಧಾನಕ್ಕೆ, "ಈಗಷ್ಟೇ ಆಯ್ತು" ಎಂದು ಮುಗಿಸಿ ಮನೆ ದಾಟುವಷ್ಟರಲ್ಲಿ ಅವರು ತಟ್ಟೆಗೆ ಬಡಿಸಿಬಿಟ್ಟಿರುತ್ತಿದ್ದರು. ಉಂಡ ಮೇಲೆ ಚಾಪೆ. ಚಾಪೆಯ ಮೇಲೆ ಮಾತು. ಮೂರನೇ ದಿನ ಪ್ರವಾಸಿಯೊಬ್ಬ ಪಕ್ಕಕ್ಕೆ ಬಂದು ಕೇಳಿದ:
"ಅಜ್ಜಿ, ಗಾಡಿ ಕೆಟ್ಟಿದ್ಯಾ? ತಳ್ಳಲಾ?"
"ಇಲ್ಲಪ್ಪ, ಓಡ್ತಾ ಇದೆ."
ಬಗ್ಗಿ ಚಕ್ರ ನೋಡಿದ ಮೇಲೆಯೇ ನಂಬಿದ.

೪. ನಾನು ಕಾಣೆಯಾದೆನೆಂಬ ದೂರಿನ ಬಗ್ಗೆ. ಹೊರಟ ಬೆಳಿಗ್ಗೆ ಪಕ್ಕದ ಮನೆಯ ಉರ್ಬಾನಾ ಬೇಲಿಯಾಚೆಯಿಂದ "ಎಲ್ಲಿಗೆ ಸವಾರಿ, ಅಕ್ಕ?" ಎಂದಳು. "ಇಲ್ಲೇ" ಎಂದೆ. ಮನಿಲಾಕ್ಕೆ ಹೊರಟವರೂ ಹೇಳುವುದು ಅದನ್ನೇ. ಹೇಳುತ್ತಾ, ನಾವೆಲ್ಲ ಮಾಡುವಂತೆ, ತುಟಿ ಮುಂದೆ ಚಾಚಿ ಉತ್ತರದ ರಸ್ತೆಯನ್ನೂ ತೋರಿಸಿದೆ. ಆದರೆ ತಾವೇ ಕಡ್ಡಾಯ ಮಾಡಿದ ಹೆಲ್ಮೆಟ್ಟಿನೊಳಗೆ ನನ್ನ ತುಟಿ ಇತ್ತು. ಅವಳಿಗೆ ಕಂಡದ್ದು ಹೆಲ್ಮೆಟ್ಟು ಅಲುಗಿದ್ದು ಮಾತ್ರ. ಅದು ಸಮುದ್ರದ ಕಡೆಗೆ ಅಲುಗಿತಂತೆ. ಆದ್ದರಿಂದ ಸ್ಕೂಟರಿನಲ್ಲಿ ಹೋದವಳನ್ನು ತಾವು ಆರು ದೋಣಿ ಕಟ್ಟಿಕೊಂಡು ನೀರಿನಲ್ಲಿ ಹುಡುಕಿದಿರಿ. ನನ್ನ ಫೋನು ನೆನೆದಿದ್ದ ಕಾರಣ ಒಣಗಲೆಂದು ಮನೆಯಲ್ಲಿ ಅಕ್ಕಿ ಡಬ್ಬಿಯೊಳಗಿತ್ತು. ಇದು ನನ್ನ ತಪ್ಪು, ಒಪ್ಪುತ್ತೇನೆ.

೫. ಹನ್ನೊಂದನೇ ದಿನ ತಾವು ಲಾರಿಯಿಂದ ಧುಮುಕಿದಾಗ ನಾನು ಯಾರದೋ ಮನೆಯಲ್ಲಿ ಸುಟ್ಟ ಮೀನು ತಿನ್ನುತ್ತಿದ್ದೆ.
"ದೊಡ್ಡಮ್ಮಾ! ಪಾದ್ರಿಗಳು ನಿನ್ನ ಹೆಸ್ರಲ್ಲಿ ಪೂಜೆ ಮಾಡ್ಬಿಟ್ರು!"
"ಯಾವ ಪೂಜೆನೋ?"
"ಸತ್ತವ್ರದು!"
"ಜನ ಬಂದಿದ್ರಾ?"
"ಚರ್ಚ್ ತುಂಬಿತ್ತು."
"ಹಾಗಾದ್ರೆ ಸರಿ. ಬಾ, ಉಣ್ಣು."
"ಈಗಷ್ಟೇ ಆಯ್ತು" ಎಂದಿರಿ. ಆಗಿರಲಿಲ್ಲ. ತಮ್ಮ ತುಟಿ ಒಣಗಿತ್ತು, ಅಂಗಿ ಒಳಗು ಹೊರಗಾಗಿತ್ತು. ದಾರಿ ತಪ್ಪಿದವರು ಅಂಗಿ ತಿರುಗಿಸಿ ಹಾಕಿಕೊಂಡರೆ ದಾರಿ ಸಿಗುತ್ತದೆ ಎಂದು ಚಿಕ್ಕಂದಿನಲ್ಲಿ ತಮಗೆ ಹೇಳಿಕೊಟ್ಟವಳು ನಾನೇ. ಕಾಣೆಯಾದವಳು ನಾನಾದರೂ ತಾವು ಹಾಕಿಕೊಂಡಿದ್ದಿರಿ. ಅದನ್ನು ಕಂಡು ಸುಮ್ಮನೆ ಲಾರಿ ಹತ್ತಿದೆ. ಒರತೆಗೆ ಇನ್ನು ಐದೇ ಕಿಲೋಮೀಟರು ಎಂದು ಆಗ ಹೇಳಲಿಲ್ಲ. ಈಗ ಬರೆದು ತಿಳಿಸುತ್ತಿದ್ದೇನೆ.

೬. ಈ ಹುಣ್ಣಿಮೆಗೆ ನೀರು ಬಹಳ ದೂರ ಇಳಿಯುತ್ತದೆ. ನನ್ನ ವೇಗಕ್ಕೆ ಹನ್ನೆರಡು ದಿನ ಬೇಕು. ಆದ್ದರಿಂದ ಈ ಅರ್ಜಿ ತಮ್ಮ ಮೇಜಿನ ಮೇಲೆ ಎರಡು ದಿನ ಮಲಗಬಹುದು, ಮೂರನೆಯ ದಿನ ಮಲಗುವಂತಿಲ್ಲ.

ಆದಕಾರಣ, ಕೀಯನ್ನೂ, ಜೊತೆಗೆ ಬಾಯಿ ಕಾಣುವಂಥ ಒಂದು ಹೆಲ್ಮೆಟ್ಟನ್ನೂ ಕೊಡಿಸಬೇಕಾಗಿ ಕೋರುತ್ತೇನೆ. ತಮ್ಮ ಕಚೇರಿಯ ಹೊಸ ಅರ್ಜಿ ನಮೂನೆಯಲ್ಲಿ "ಎಲ್ಲಿಗೆ" ಎಂಬ ಜಾಗವಿದೆ. ಎರಡು ಸಲ ಅಳಿಸಿ ಬರೆದೆ. ಮೂರನೇ ಸಲವೂ "ಇಲ್ಲೇ" ಎಂದೇ ಬಂತು. ಹಾಗೇ ಮಂಜೂರು ಮಾಡುವುದು.

ಪೂಜೆಯ ನಂತರವೂ ಬದುಕಿರುವ
ತಮ್ಮ ವಿಶ್ವಾಸಿ,
ಪೆರ್ಪೆತ್ವಾ ಸುಮಾಲ್ಪೊಂಗ್

ಲಗತ್ತುಗಳು:
ಅ) ಲೈಸೆನ್ಸಿನ ಪ್ರತಿ. ಚಿತ್ರದಲ್ಲಿರುವುದು ನಾನೇ.
ಆ) ಉರ್ಬಾನಾಳ ಹೇಳಿಕೆ: "ತುಟಿ ಕಾಣ್ಲಿಲ್ಲ, ದೇವರಾಣೆ."
ಇ) ಖಾಲಿ ಬಾಟಲಿ, ಒಂದು. ತಮ್ಮ ತಾಯಿಯದು. ಅವಳು ಹುಟ್ಟಿದ್ದು ಈಚೆ ಮಗ್ಗುಲಿನಲ್ಲಾದ್ದರಿಂದ ಆ ನೀರು ಕುಡಿದೇ ಇಲ್ಲ. "ಅಕ್ಕಾ, ನಂಗೊಂದು ತುಂಬಿಸ್ಕೊಂಡ್ ಬಾ, ಅವನಿಗೆ ಮಾತ್ರ ಹೇಳ್ಬೇಡ" ಎಂದಿದ್ದಾಳೆ. ಹೇಳಿಲ್ಲ, ಬರೆದಿದ್ದೇನೆ. ಬಾಟಲಿಯನ್ನು ಕಡತದಲ್ಲಿ ಇಟ್ಟುಕೊಳ್ಳದೆ ಕೀ ಜೊತೆ ಹಿಂದಿರುಗಿಸುವುದು.

ವಿಶೇಷ ಸೂಚನೆ: ನಾನು ಒಬ್ಬಳೇ ಹೋಗುತ್ತೇನೆ. ನಾನು ಬರುವವರೆಗೆ ತಾವು ಹೊತ್ತಿಗೆ ಸರಿಯಾಗಿ ಉಂಡು, ಅಂಗಿಯನ್ನು ನೆಟ್ಟಗೆ ಹಾಕಿಕೊಂಡಿರಬೇಕಾಗಿ ವಿನಂತಿ.