ಸ್ಪೀಕರಿನ ಕರಿ ಉಂಗುರ

ಬೆಳಿಗ್ಗೆ ಏಳೂಕಾಲು. ಮನೆ ಓನರ್ ಅವರ ಸ್ಪೀಕರಿನ ಅಯಸ್ಕಾಂತ ಗುಮಾಸ್ತನ ಕಬ್ಬಿಣದ ಬೀರುವಿಗೆ ಬಡಿದು ಎರಡು ಹೋಳಾಯಿತು.

ಕೆಳಗಿನ ಮನೆಗೆ ಸುಣ್ಣ ಹೊಡೆಸುತ್ತಿದ್ದ ಓನರ್, ಸ್ಪೀಕರ್ ಪೆಟ್ಟಿಗೆಯನ್ನು ಮಹಡಿಯ ಬಾಡಿಗೆದಾರನಾದ ಗುಮಾಸ್ತನ ವಶಕ್ಕೆ ಕೊಟ್ಟು ಮಗಳ ಮನೆಗೆ ಹೋಗಿದ್ದರು. ಸಂಜೆ ಬಂದು, ಇನ್ನೊಂದು ವರ್ಷ ಮನೆ ಕೊಡುವುದೋ ಬಿಡುವುದೋ ಹೇಳುವವರಿದ್ದರು. ಇಂಥ ದಿನ ಬೇರೆ ಯಾರೇ ಆಗಿದ್ದರೂ ಆ ಪೆಟ್ಟಿಗೆಯ ಹತ್ತಿರ ಸುಳಿಯುತ್ತಿರಲಿಲ್ಲ. ಆದರೆ ಮುಚ್ಚಿದ ವಸ್ತು ಕಂಡರೆ ಸಾಕು, ಗುಮಾಸ್ತನ ಕೈಗೆ ಸ್ಕ್ರೂಡ್ರೈವರ್ ಬಂದುಬಿಡುತ್ತಿತ್ತು. ಹಾಡಿನ ಜೊತೆ ಗರಗರ ಸದ್ದು ಯಾಕೆ ಬರುತ್ತದೆಂದು ನೋಡಲು ಬಿಚ್ಚಿದ. ಹಿಂದೆ ದಪ್ಪನೆಯ ಕರಿ ಉಂಗುರವಿತ್ತು. ಅಂಟು ಹಳೆಯದಾಗಿ ಬಿಟ್ಟುಕೊಂಡಿತ್ತು. ಅದನ್ನು ಕಿತ್ತು ಬೆಳಕಿಗೆ ಹಿಡಿಯಲು ತಿರುಗಿದ್ದಷ್ಟೇ, ತಾಯಿಯನ್ನು ಕಂಡ ಕೂಸಿನಂತೆ ಅದು ಬೀರುವಿಗೆ ಹಾರಿತು. ಹಾರಿ, ಪಿಂಗಾಣಿ ತಟ್ಟೆಯಂತೆ ಒಡೆಯಿತು.

"ರೀ, ಏನದು ಸದ್ದು?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಏನಿಲ್ಲ ಕಣೇ."

"ಏನಿಲ್ಲ ಅಂದ್ರೆ ಏನೋ ಆಗಿದೆ. ಗಡಿಯಾರ ಬಿಚ್ಚಿದಾಗ್ಲೂ ಹೀಗೇ ಅಂದಿದ್ರಿ."

ಆಫೀಸಿಗೆ ಹೊಟ್ಟೆನೋವೆಂದು ಫೋನು ಮಾಡಿ ಗುಮಾಸ್ತ ಅಂಟು ಹಿಡಿದು ಕೂತ. ಒಡೆದ ಅಂಚುಗಳು ಹತ್ತಿರ ಬಂದವು. ಬಂದದ್ದೇ ಒಂದನ್ನೊಂದು ತಳ್ಳಿ ಪಕ್ಕಕ್ಕೆ ಜಾರಿದವು. ಬಲವಂತ ಮಾಡಿದಷ್ಟೂ ಮುನಿಸು ಹೆಚ್ಚಾಯಿತು. ಐದು ನಿಮಿಷದ ಹಿಂದೆ ಇವು ಒಂದೇ ಉಂಗುರವಾಗಿದ್ದವು ಎಂದರೆ ಯಾರೂ ನಂಬುತ್ತಿರಲಿಲ್ಲ.

"ಆಸ್ತಿ ಭಾಗ ಆದ್ಮೇಲೆ ನಿಮ್ಮ ಅಣ್ಣತಮ್ಮಂದಿರೂ ಹೀಗೇ ಅಲ್ವಾ?" ಎಂದಳು ಹೆಂಡತಿ.

ಕೆಳಗಿನ ಮನೆಗೆ ಹೊಂದಿಕೊಂಡ ಅಂಗಡಿಯ ಟೈಲರ್ ಸುದ್ದಿ ತಿಳಿದು ಮೆಟ್ಟಿಲೇರಿ ಬಂದ. "ನಾನೊಂದು ಹಿಡ್ಕೋತೀನಿ, ನೀವೊಂದು ಒತ್ತಿ ಸಾರ್. ಎಂಥೆಂಥ ಹರಿದ ಪ್ಯಾಂಟು ಸೇರಿಸಿದೀನಿ, ಇದ್ಯಾವ ಮಹಾ!"

ಇಬ್ಬರೂ ಉಸಿರು ಬಿಗಿಹಿಡಿದು ಒತ್ತಿದರು. ಟೈಲರ್ ಸೀನಿದ. ಒಂದು ಹೋಳು ಮಂಚದ ಕೆಳಗೆ ಹೋಯಿತು, ಇನ್ನೊಂದು ಮತ್ತೆ ಬೀರುವಿಗೆ. ಅಂಟಿಕೊಂಡದ್ದು ಗುಮಾಸ್ತನ ಹೆಬ್ಬೆರಳು ಮತ್ತು ಟೈಲರನ ಹೆಬ್ಬೆರಳು.

ಪಕ್ಕದ ಮನೆಯ ನಿವೃತ್ತ ವಿಜ್ಞಾನದ ಮೇಷ್ಟ್ರು ಒಳಗೆ ಬಂದದ್ದು ಆಗಲೇ. "ಏನ್ರಯ್ಯಾ, ಕೈ ಕೈ ಹಿಡ್ಕೊಂಡು ಕೂತಿದೀರಿ?"

ಬಿಸಿನೀರಿನಲ್ಲಿ ಬೆರಳು ಬಿಡಿಸಿಕೊಳ್ಳುವಷ್ಟರಲ್ಲಿ ಮೇಷ್ಟ್ರು ಹೋಳನ್ನು ಕೈಗೆತ್ತಿಕೊಂಡಿದ್ದರು. "ಇದು ಲೋಹ ಅಲ್ಲಪ್ಪ, ಫೆರೈಟು. ತುಕ್ಕಿನಂಥ ಪುಡಿಗೆ ಬೇರಿಯಮ್ಮೋ ಸ್ಟ್ರಾನ್ಷಿಯಮ್ಮೋ ಬೆರೆಸಿ ಮಡಕೆ ಥರ ಸುಡ್ತಾರೆ. ಒಳಗಿನ ಹರಳು ಆರು ಮೂಲೆಯದು. ಕಾಂತಶಕ್ತಿ ಒಂದ್ಸಲ ಒಂದು ದಿಕ್ಕು ಹಿಡೀತು ಅಂದ್ರೆ ಸುಲಭಕ್ಕೆ ಬಿಡಲ್ಲ. ಮಹಾ ಮೊಂಡು."

"ಬೇರೆ ಎಲ್ಲೆಲ್ಲಿ ಹಾಕ್ತಾರೆ ಮೇಷ್ಟ್ರೇ?" ಗುಮಾಸ್ತ ತನ್ನ ಸಂಕಟವನ್ನೇ ಮರೆತು ಕೇಳಿದ.

"ಸಣ್ಣ ಮೋಟರಿನಲ್ಲಿ, ಬ್ಯಾಂಕ್ ಕಾರ್ಡಿನ ಕರಿ ಪಟ್ಟಿಯಲ್ಲಿ. ನಿಮ್ಮ ಫ್ರಿಜ್ ಬಾಗಿಲಿನ ರಬ್ಬರ್ ಒಳಗೂ ಇದರ ಪುಡೀನೇ."

ಗುಮಾಸ್ತನ ಕಣ್ಣು ಮೆಲ್ಲನೆ ಫ್ರಿಜ್ ಕಡೆ ತಿರುಗಿತು.

"ಮುಟ್ಟಿ ನೋಡಿ ಹೇಳ್ತೀನಿ!" ಎಂದಳು ಹೆಂಡತಿ.

"ಸೇರಿಸೋದು ಹೇಗೆ ಅದನ್ನ ಹೇಳಿ ಮೇಷ್ಟ್ರೇ," ಎಂದ ಟೈಲರ್.

"ಒಂದನ್ನ ಮಗುಚಿ ಹಾಕು."

ಮಗುಚಿದ. ಟಪ್ಪನೆ ಕೂಡಿಕೊಂಡವು. ಸಂದೇ ಕಾಣದಷ್ಟು ಒಗ್ಗಟ್ಟು! ಖುಷಿಯಿಂದ ಎಲ್ಲವನ್ನೂ ಜೋಡಿಸಿ ಹಾಡು ಹಾಕಿದರೆ, ಡಬ್ಬಿಯಲ್ಲಿ ಸಿಕ್ಕಿಬಿದ್ದ ಸೊಳ್ಳೆಯ ದನಿ.

"ಅದು ಹಾಗೇ ಆಗೋದು," ಎಂದರು ಮೇಷ್ಟ್ರು. "ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಒಂದರ ಶಕ್ತಿ ಇನ್ನೊಂದಕ್ಕೆ ವಜಾ."

"ಮತ್ಯಾಕೆ ಮಗುಚು ಅಂದ್ರಿ?" ಎಂದ ಟೈಲರ್.

"ಸೇರಿಸೋದು ಹೇಗೆ ಅಂದ್ರಿ, ಹೇಳ್ದೆ. ಹಾಡಿಸೋದು ಹೇಗೆ ಅಂತ ಯಾರು ಕೇಳಿದ್ರು?"

ಬಿಡಿಸಲು ಹೋದಾಗ ಎರಡು ನಾಲ್ಕಾಯಿತು. ಗುಮಾಸ್ತ ತಲೆಯ ಮೇಲೆ ಕೈ ಹೊತ್ತು ಕೂತ. ಟೈಲರ್ ನಾಲ್ಕೂ ಚೂರುಗಳನ್ನು ನೆಲದ ಮೇಲೆ ಉಂಗುರದಂತೆ ಜೋಡಿಸಿ ನೋಡಿ ಮೆಲ್ಲನೆ ಹೇಳಿದ: "ಥೇಟ್ ಇಂಥದ್ದೇ ನನ್ನ ಅಂಗಡೀಲೂ ಒಂದಿದೆ ಸಾರ್. ಬಿದ್ದ ಸೂಜಿ ಎತ್ತೋಕೆ."

"ಅಯ್ಯೋ ಮಾರಾಯ, ಬೆಳಿಗ್ಗೆಯಿಂದ ಯಾಕೆ ಬಾಯಿ ಬಿಡ್ಲಿಲ್ಲ?"

"ನೀವು ಸ್ಪೀಕರ್ ಅಂದ್ರಿ. ನನ್ನದು ಸೂಜಿಗಲ್ಲಲ್ವಾ!"

ಟೈಲರ್ ಓಡಿಹೋಗಿ ಅದನ್ನು ತಂದ, ಅಳತೆ ಸರಿಹೋಯಿತು. ಸ್ಪೀಕರಿನ ಸಂದಿಯಲ್ಲಿ ವರ್ಷಗಟ್ಟಲೆ ಕೂತಿದ್ದ ಕಬ್ಬಿಣದ ಪುಡಿಯನ್ನು ಗುಮಾಸ್ತ ಅಂಟು ಪಟ್ಟಿಯಿಂದ ಒತ್ತಿ ಒತ್ತಿ ತೆಗೆದ. ತಂತಿಯ ಸುರುಳಿ ಓರೆಯಾಗದಂತೆ ಮೇಷ್ಟ್ರು ಕಾಗದದ ಪಟ್ಟಿ ಸಿಕ್ಕಿಸಿಕೊಟ್ಟರು. ಹಾಡು ಹಾಕಿದರು. ಗರಗರ ಇಲ್ಲ, ಹಾಡುವವಳು ಉಸಿರೆಳೆದದ್ದೂ ಕೇಳಿಸಿತು. ಮೂವರೂ ಮುಖ ಮುಖ ನೋಡಿಕೊಂಡರು.

ಆರು ಗಂಟೆಗೆ ಓನರ್ ಬಂದರು. ಕುರ್ಚಿಯಲ್ಲಿ ಕೂರುತ್ತಲೇ, "ನೋಡಪ್ಪ, ಇನ್ನೊಂದು ವರ್ಷ ಇರಿ ಅಂತ ಹೇಳಿಹೋಗೋಣ ಅಂತಲೇ ಬಂದೆ," ಎಂದರು.

ಹೆಂಡತಿಗೆ ಹೋದ ಜೀವ ಬಂದಂತಾಯಿತು. ಗುಮಾಸ್ತ ಅಲ್ಲಿಗೇ ಸುಮ್ಮನಿದ್ದರೆ ಚೆನ್ನಾಗಿತ್ತು. "ನಿಮ್ಮ ಸ್ಪೀಕರ್ ಒಂದ್ಸಲ ಕೇಳಿ ಸಾರ್," ಎಂದು ಗುಂಡಿ ಒತ್ತಿಯೇಬಿಟ್ಟ.

ಓನರ್ ಹಾಡು ಮುಗಿಯುವವರೆಗೆ ಅಲುಗಾಡಲಿಲ್ಲ. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನನ್ನ ಕಿವೀನೇ ಕೆಟ್ಟಿದೆ ಅಂದ್ಕೊಂಡು ಹಾಡು ಕೇಳೋದೇ ಬಿಟ್ಟಿದ್ದೆನಲ್ಲಪ್ಪಾ! ಕಿವಿ ಸರಿಯಾಗೇ ಇದೆ!" ಎಂದು ಅವನ ಎರಡೂ ಕೈ ಹಿಡಿದುಕೊಂಡರು. "ಆದ್ರೆ ಕೆಳಗೆ ದಿನವಿಡೀ ಈ ಟೈಲರನ ಹೊಲಿಗೆ ಮೆಷಿನ್ ಗಲಾಟೆ, ಹಾಡೆಲ್ಲಿ ಕೇಳಿಸುತ್ತೆ? ನಿಮ್ಮ ಮಹಡಿ ಎಷ್ಟು ನಿಶ್ಶಬ್ದವಾಗಿದೆ ನೋಡಿ. ನಾನೇ ಇಲ್ಲಿಗೆ ಬಂದುಬಿಡ್ತೀನಿ. ತಿಂಗಳ ಕೊನೆಗೆ ಬೇರೆ ಮನೆ ನೋಡ್ಕೊಳ್ಳಿ, ಬೇಜಾರು ಮಾಡ್ಕೋಬೇಡಿ."

ಗುಮಾಸ್ತ ಪೆಟ್ಟಿಗೆಯನ್ನು ಎತ್ತಿಕೊಡಲು ಬಗ್ಗಿದ.

"ಅದು ಅಲ್ಲೇ ಇರ್ಲಿ," ಎಂದರು ಓನರ್. "ಮತ್ತೆ ಇಳಿಸಿ ಹತ್ತಿಸೋದು ಯಾಕೆ?"

ತಿಂಗಳ ಕೊನೆಯ ಭಾನುವಾರ ಗುಮಾಸ್ತನ ಸಾಮಾನು ಲಾರಿ ಏರಿತು.