ಪಾರ್ಟಿ ಆಫೀಸಿನ ಹಳದಿ ಗಂಟು

ಖಾದಿ ಟೋಪಿಯ ಗಂಡಸರು ಎದುರಿಗೆ ಬರುವ ಒಬ್ಬ ಹೆಂಗಸನ್ನು ಕಂಡು, ಟೋಪಿ ತೆಗೆದು ಜೇಬಿಗೆ ತುರುಕಿ, ಪಕ್ಕದ ಸಂದಿಗೆ ನುಗ್ಗಿದ್ದನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ, ಒಂದು ಸಲವಲ್ಲ, ವಾರಕ್ಕೆರಡು ಸಲ. ಆ ಹೆಂಗಸು ನನ್ನ ದೊಡ್ಡವ್ವ. ಆಕೆ ಎದುರು ಪಕ್ಷದವಳಿರಬೇಕು ಎಂದುಕೊಂಡಿರಾ? ಅಲ್ಲವೇ ಅಲ್ಲ. ಅದೇ ಪಕ್ಷದ ಮಹಿಳಾ ಕಾರ್ಯಕರ್ತೆ. ಇಡೀ ಹೋಬಳಿಯಲ್ಲಿ ಆ ಪಕ್ಷಕ್ಕಿದ್ದ ಒಬ್ಬಳೇ ಮಹಿಳಾ ಕಾರ್ಯಕರ್ತೆ.

ನಮ್ಮೂರು ಅರಕಲಗೂಡಿಗೂ ಕೊಣನೂರಿಗೂ ನಡುವೆ. ದೊಡ್ಡವ್ವ ನನ್ನ ತಾಯಿಯ ಅಕ್ಕ. ನಾನು ಎಳೆಗೂಸಾಗಿದ್ದಾಗಲೇ ತಾಯಿ ಜ್ವರ ಬಂದು ತೀರಿಕೊಂಡಳಂತೆ. ಮಕ್ಕಳಿಲ್ಲದ ದೊಡ್ಡವ್ವ, ದೊಡ್ಡಪ್ಪ ನನ್ನನ್ನು ತಂದು ಸಾಕಿದರು. ದೊಡ್ಡಪ್ಪನದು ಜವಳಿ ಅಂಗಡಿ. ಮೀಸೆ ಚಿಗುರುವ ಹೊತ್ತಿಗೆ ನಾನೂ ಅಲ್ಲೇ ಗಜಕಡ್ಡಿ ಹಿಡಿದಿದ್ದೆ.

ಐವತ್ತರ ದಶಕದ ಒಂದು ಚುನಾವಣೆಯ ಸಮಯ. ಪಕ್ಷದ ಹೋಬಳಿ ಅಧ್ಯಕ್ಷರು ಅಂಗಡಿಗೆ ಬಂದು ಕೂತರು.

"ಸಾವ್ಕಾರ್ರೇ, ನಾಳೆ ನಮ್ ಸಭೆ ಐತೆ. ಒಂದ್ ಜಮಖಾನ ಬೇಕಿತ್ತು, ಎಲ್ಡು ಬೆಂಚು, ಆಮೇಕೆ ಪ್ರಾರ್ಥನೆಗೆ ನಿಮ್ಮನೆ ಅಮ್ಮಾವ್ರು."

"ಜಮಖಾನ ಮಾತ್ರ ಉಸಾರಾಗಿ ವಾಪಸ್ ಕಳಿಸ್ಬೇಕು," ಎಂದರು ದೊಡ್ಡಪ್ಪ.

ಆ ಕಾಲದಲ್ಲಿ ರಾಜಕೀಯದಲ್ಲಿ ಹೆಂಗಸರಿಗೆ ಇದ್ದ ಕೆಲಸವೇ ಅಷ್ಟು. ಪ್ರಾರ್ಥನೆ ಹಾಡುವುದು, ಆರತಿ ಎತ್ತುವುದು, ಭಾಷಣ ಶುರುವಾದ ಮೇಲೆ ಹಿಂದಕ್ಕೆ ಹೋಗಿ ಉಪ್ಪಿಟ್ಟಿಗೆ ರವೆ ಹುರಿಯುವುದು. ಮಹಿಳೆಯರ ಪ್ರಗತಿಯ ಬಗ್ಗೆ ಭಾಷಣ ನಡೆಯುವಾಗ ಮಹಿಳೆಯರೆಲ್ಲ ಒಲೆ ಮುಂದೆ ಇರುತ್ತಿದ್ದರು. ಜಮಖಾನವೇನೋ ಮಾರನೇ ದಿನ ವಾಪಸು ಬಂತು. ದೊಡ್ಡವ್ವ ಮಾತ್ರ ಹತ್ತು ವರ್ಷವಾದರೂ ವಾಪಸು ಬರಲಿಲ್ಲ.

ಆ ಮೊದಲ ಸಭೆಯಲ್ಲಿ ನಮ್ಮ ಲೀಡರು ಮಾತಾಡಿದರು. ಲೀಡರು ಎಂದರೆ ತಾಲ್ಲೂಕು ಬೋರ್ಡಿಗೆ ನಿಂತಿದ್ದವರು. ದಪ್ಪ ಕನ್ನಡಕ, ಇನ್ನೂ ದಪ್ಪ ಗಂಟಲು. ಬಾವಿಗೆ ಪಂಪು ಹಾಕಿಸುತ್ತೇನೆ ಎಂದರು. ಚಪ್ಪಾಳೆ. ಸ್ಕೂಲಿಗೆ ಬೆಂಚು ಕೊಡಿಸುತ್ತೇನೆ ಎಂದರು. ಚಪ್ಪಾಳೆ. ಬರುವ ಯುಗಾದಿಯೊಳಗೆ ಹೆರಿಗೆ ಆಸ್ಪತ್ರೆ ಕಟ್ಟಿಸಿ ನರ್ಸಮ್ಮನನ್ನೂ ಕರೆತರುತ್ತೇನೆ ಎಂದರು. ರವೆ ಹುರಿಯುತ್ತಿದ್ದ ದೊಡ್ಡವ್ವ ಸಟ್ಟುಗ ಕೆಳಗಿಟ್ಟು ಎದ್ದಳು. ಆಗ ನಮ್ಮ ಕಡೆ ಹೆರಿಗೆ ಕಷ್ಟವಾದರೆ ಗಾಡಿ ಕಟ್ಟಿಕೊಂಡು ಹಾಸನಕ್ಕೇ ಹೋಗಬೇಕಾಗಿತ್ತು.

ಅಂಗಡಿಯಿಂದ ಮೂರು ಚೂರು ಹಳದಿ ಬಟ್ಟೆ ತರಿಸಿದಳು. ಒಂದೊಂದರಲ್ಲೂ ಒಂದೊಂದು ಕಾಸು ಇಟ್ಟು ಗಂಟು ಹಾಕಿ, ನೆಟ್ಟಗೆ ವೇದಿಕೆ ಹತ್ತಿ ಲೀಡರ ಮುಂದೆ ಹಿಡಿದಳು. "ಮುಟ್ಟಿ ಕೊಡಿ ಸಾ." ಅವರು ಯಾವುದೋ ದೇವರ ಪ್ರಸಾದವೆಂದು ತಿಳಿದು ಕಣ್ಣಿಗೊತ್ತಿಕೊಂಡು ಕೊಟ್ಟರು.

"ಇದು ಮಂಜುನಾಥಸ್ವಾಮಿ ಮುಡಿಪು. ನೀವು ಏಳಿದ್ದು ನಡೆದ ದಿನ ಬಿಚ್ತೀನಿ. ಅಲ್ಲೀಗಂಟ ಸ್ವಾಮಿ ನೋಡ್ತಾ ಇರ್ತಾನೆ."

ಮುಡಿಪು ಗೊತ್ತಲ್ಲ? ದೇವರ ಹೆಸರಲ್ಲಿ ಕಾಸು ಕಟ್ಟಿಟ್ಟು, ಆಡಿದ ಮಾತು ನಡೆಸಿದ ಮೇಲೆ ಅದನ್ನು ದೇವರಿಗೆ ಒಪ್ಪಿಸುವುದು. ನಡೆಸದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಲೀಡರು ಕೂಡಲೇ ಕೂತು ನೀರು ಕೇಳಿದರು.

ಮಾರನೇ ದಿನ ಪಾರ್ಟಿ ಆಫೀಸಿನಲ್ಲಿ ನಾಯಕರ ಫೋಟೋಗಳ ಕೆಳಗೆ ದೊಡ್ಡವ್ವ ತಾನೇ ಸಾಲಾಗಿ ಮೊಳೆ ಹೊಡೆದಳು. ಪಂಪಿಗೊಂದು, ಬೆಂಚಿಗೊಂದು, ಆಸ್ಪತ್ರೆಗೊಂದು ಗಂಟು. ಪ್ರತಿಯೊಂದಕ್ಕೂ ಮಾತು ಕೊಟ್ಟವರ ಹೆಸರು, ಕೊಟ್ಟ ಮಾತು ಬರೆದ ಚೀಟಿ. ಬರೆಯುವ ಗುಮಾಸ್ತ ನಾನು. ಅದೇ ದಿನ ಮೂಲೆಯ ಮೊಳೆಗೆ ಇನ್ನೊಂದನ್ನೂ ನೇತುಹಾಕಿದಳು. ಅದು ಹಳೆಯದು, ಹಳದಿಯೆಲ್ಲ ಹೋಗಿ ಬೂದು ಬಣ್ಣಕ್ಕೆ ತಿರುಗಿತ್ತು. ಅದಕ್ಕೆ ಚೀಟಿ ಇರಲಿಲ್ಲ.

"ಇದಕ್ಕೆ ಏನ್ ಬರೀಲಿ ದೊಡ್ಡವ್ವ? ಯಾರ್ದು ಇದು?"

"ಅದೊಬ್ಬ ಸುಳ್ಳುಗಾತಿದು ಕಣ್ಲಾ. ಬರೆಯೋದ್ ಬ್ಯಾಡ, ಬುಡು."

ನಮ್ಮ ಪಕ್ಷದಲ್ಲಿ ಸುಳ್ಳುಗಾರರಿಗೆ ಬರವಿರಲಿಲ್ಲ, ಆದರೆ ಎಲ್ಲರೂ ಗಂಡಸರು. ಮಾತು ಕೊಡುವ ಮಟ್ಟಕ್ಕೆ ಅಲ್ಲಿ ಯಾವ ಹೆಂಗಸೂ ಏರಿರಲಿಲ್ಲ. ಯಾರಿರಬಹುದೆಂದು ಕೊಂಚ ದಿನ ತಲೆ ಕೆಡಿಸಿಕೊಂಡು ಬಿಟ್ಟುಬಿಟ್ಟೆ.

ಪಂಪು ಮೂರು ವಾರದಲ್ಲಿ ಬಂತು! ಕಾರಣ ಕೇಳಿದರೆ ನಗುತ್ತೀರಿ. ಲೀಡರ ಮನೆಯ ಎಮ್ಮೆ ಹಾಲು ಕೊಡುವುದನ್ನು ನಿಲ್ಲಿಸಿತು, ಅವರ ಹೆಂಡತಿ ಊಟ ಬಡಿಸುವುದನ್ನು ನಿಲ್ಲಿಸಿದರು. "ಮೊದ್ಲು ಆ ಗಂಟು ಬಿಚ್ಚುಸ್ಕಂಡು ಬನ್ನಿ, ಆಮೇಕೆ ಉಣ್ಣೀರಂತೆ" ಎಂದರಂತೆ. ಸರ್ಕಾರದ ಯೋಜನೆಗಳಿಂದ ಆಗದ್ದು ಗೇಣುದ್ದ ಹಳದಿ ಬಟ್ಟೆಯಿಂದ ಆಯಿತು. ಆಡಿದಂತೆ ಬೆಂಚುಗಳೂ ಬಂದವು, ಅರ್ಧಕ್ಕರ್ಧ ಕಾಲು ಕುಂಟುತ್ತಿದ್ದರೂ.

ಆದರೆ ಆಸ್ಪತ್ರೆಯೆಂದರೆ ಪಂಪಲ್ಲ. ಅದರ ಫೈಲು ಅರಕಲಗೂಡಿಗೆ ಹೋಗಿ, ಹಾಸನದಲ್ಲಿ ವಿಶ್ರಾಂತಿ ತೆಗೆದುಕೊಂಡು, ಬೆಂಗಳೂರು ನೋಡಿಕೊಂಡು, ತಪ್ಪು ವಿಳಾಸಕ್ಕೆ ಹೋಗಿ ಚನ್ನರಾಯಪಟ್ಟಣದಲ್ಲಿ ಸಿಕ್ಕಿತು. ವರ್ಷಕ್ಕೊಬ್ಬ ನಾಯಕರು ಬಂದು ಹೊಸದಾಗಿ ಮಾತು ಕೊಟ್ಟರು. ಆಸ್ಪತ್ರೆಗೆಂದೇ ಐದು ಗಂಟುಗಳು ನೇತಾಡತೊಡಗಿದವು.

ಗೋಡೆ ತುಂಬ ಮುಡಿಪು ಜೋತುಬಿದ್ದ ಮೇಲೆ ಜನ ಪಾರ್ಟಿ ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಡತೊಡಗಿದರು. ಹಳ್ಳಿಮೈಸೂರು ಕಡೆಯ ಒಬ್ಬ ಅಜ್ಜಿ ಬಸ್ಸಿಗೆ ಕಾಯುತ್ತಿದ್ದವಳು ಒಳಗೆ ಬಂದು, ಅಧ್ಯಕ್ಷರ ಮೇಜಿನ ಮೇಲೆ ಕರ್ಪೂರ ಹಚ್ಚಿ ಅಡ್ಡಬಿದ್ದು ಹೋದಳು. ಗಂಟುಗಳನ್ನು ತೆಗೆಸಲು ಅಧ್ಯಕ್ಷರು ಪ್ರಯತ್ನಪಡದೆ ಇರಲಿಲ್ಲ. ಆದರೆ ಮುಟ್ಟುವವರು ಯಾರು? ಗೋಡೆಗೆ ಸುಣ್ಣ ಬಳಿಯಲು ಬಂದವನು ಗಂಟುಗಳ ಸುತ್ತ ಒಂದೊಂದು ಮೊಳ ಜಾಗ ಬಿಟ್ಟು ಬಳಿದು ಕೂಲಿ ತೆಗೆದುಕೊಂಡು ಹೋದ.

ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಮೂಲೆಯಲ್ಲಿದ್ದ ಆ ಹೆಸರಿಲ್ಲದ ಗಂಟು. ಅದು ತನ್ನದೇ ಇರಬೇಕು ಎಂದು ಪ್ರತಿಯೊಬ್ಬ ನಾಯಕರಿಗೂ ಗುಮಾನಿ. ಎಂದೋ, ಎಲ್ಲೋ, ಏನನ್ನೋ ಹೇಳಿ ಮರೆತಿರುತ್ತೇವಲ್ಲ! ಒಬ್ಬೊಬ್ಬರೇ ಅಂಗಡಿಗೆ ಬಂದು ಪಂಚೆ ನೋಡುವ ನೆಪದಲ್ಲಿ ನನ್ನ ಕಿವಿಯ ಹತ್ತಿರ ಬಗ್ಗುತ್ತಿದ್ದರು. "ಅದು ನಂದೇನಪ್ಪಾ?" ನಾನು ಗೊತ್ತಿಲ್ಲವೆಂದರೆ ಇನ್ನಷ್ಟು ಬೆವರುತ್ತಿದ್ದರು. ಯಾವುದಕ್ಕೂ ಇರಲಿ ಎಂದು ಒಬ್ಬರು ಮುರಿದ ಮೋರಿ ಕಟ್ಟಿಸಿದರು, ಇನ್ನೊಬ್ಬರು ಕೊಣನೂರು ಸಂತೆಯ ದಾರಿಗೆ ಜಲ್ಲಿ ಹಾಕಿಸಿದರು. ಊರಿಗೆ ಆದ ಉಪಕಾರದಲ್ಲಿ ಅರ್ಧ ಆ ಒಂದು ಗಂಟಿನದೇ.

ಎದುರು ಪಕ್ಷದವರು ಸುಮ್ಮನಿರುತ್ತಾರೆಯೇ? ಅವರ ಅಭ್ಯರ್ಥಿಯೂ ಎದೆ ತಟ್ಟಿಕೊಂಡು ಹೆರಿಗೆ ಆಸ್ಪತ್ರೆಯ ಮಾತು ಕೊಟ್ಟರು. ದೊಡ್ಡವ್ವ ಅಲ್ಲಿಗೂ ಹೋಗಿ ಬಟ್ಟೆ ಮುಟ್ಟಿಸಿಕೊಂಡು ಬಂದು, ಅದನ್ನೂ ನಮ್ಮ ಆಫೀಸಿನಲ್ಲೇ ತೂಗುಹಾಕಿದಳು. ಅಧ್ಯಕ್ಷರು ಕಂಗಾಲಾದರು.

"ಅಮ್ಮಾವ್ರೇ, ಅವ್ರ್ ಮುಡಿಪು ನಮ್ಮಾಪೀಸ್ನಾಗೆ ಇರೋದಾ?"

"ಅವ್ರಿಗೆ ಗೋಡೆ ಎಲ್ಲೈತಪ್ಪ? ಮರದಡಿ ಕೂತವ್ರೆ. ಗೆದ್ದು ಗೋಡೆ ಕಟ್ಕಳ್ಳಿ, ಆಗ ಕೊಡ್ತೀನಿ."

ನಾನು ಬರೀ ನಗಿಸುವ ಸಂಗತಿಗಳನ್ನೇ ಹೇಳುತ್ತಿದ್ದೇನೆ. ಆ ವರ್ಷಗಳಲ್ಲಿ ಗಾಡಿಯಲ್ಲಿ ಹಾಸನಕ್ಕೆ ಹೋದ ಬಸುರಿಯರಲ್ಲಿ ಇಬ್ಬರು ಜೀವಂತವಾಗಿ ವಾಪಸು ಬರಲಿಲ್ಲ. ಅಂಥ ಸುದ್ದಿ ಬಂದ ದಿನ ದೊಡ್ಡವ್ವ ಯಾರೊಂದಿಗೂ ಜಗಳವಾಡುತ್ತಿರಲಿಲ್ಲ. ಆಫೀಸಿಗೆ ಹೋಗಿ ಆ ಗಂಟುಗಳ ಕೆಳಗೆ ಒಂದಷ್ಟು ಹೊತ್ತು ಕೂತು ಎದ್ದುಬರುತ್ತಿದ್ದಳು.

ಅರವತ್ತರ ದಶಕ ಬಂತು. ಆಸ್ಪತ್ರೆಗೆ ಗೋಡೆ ಎದ್ದು, ಹೆಂಚು ಕೂತು, ಬೀಗ ಬಿತ್ತು. ನಾಲ್ಕು ಮಂಚ ಬಂದವು. ನರ್ಸು ಬರಲಿಲ್ಲ. ಮೂರು ವರ್ಷ ಆ ಮಂಚಗಳ ಮೇಲೆ ಕಿಟಕಿಯಿಂದ ನುಗ್ಗಿದ ಕೋಳಿಗಳು ಮೊಟ್ಟೆಯಿಟ್ಟವು. ಅಷ್ಟರಲ್ಲಿ ನನಗೆ ಮದುವೆಯಾಗಿ, ಹೆಂಡತಿಗೆ ಏಳು ತಿಂಗಳು ತುಂಬಿತು. ದೊಡ್ಡವ್ವನಿಗೆ ಊಟ ಸೇರದಾಯಿತು. ಸೊಸೆ ಮೆಟ್ಟಿಲು ಇಳಿದರೆ ಎದ್ದು ನಿಲ್ಲುತ್ತಿದ್ದಳು, ಕೆಮ್ಮಿದರೆ ಓಡಿ ಬರುತ್ತಿದ್ದಳು. ನಾನು ತಮಾಷೆ ಮಾಡಿದರೆ ಮುಖ ತಿರುಗಿಸುತ್ತಿದ್ದಳು.

ಅದೇ ತಿಂಗಳು ಒಬ್ಬ ಮಂತ್ರಿಗಳು ನಮ್ಮೂರಿಗೆ ಬಂದರು. ಪ್ರಾರ್ಥನೆ ಎಂದಿನಂತೆ ದೊಡ್ಡವ್ವನದು. ಎಲ್ಲರೂ ಎದ್ದು ಕೈಮುಗಿದು ನಿಂತರು. ಆಕೆ ಒಂದು ವಚನ ಹಾಡಿದಳು. ಮುಗಿಯಿತೆಂದು ಮಂತ್ರಿಗಳು ಕೂರಲು ಬಗ್ಗಿದರು, ಎರಡನೆಯದು ಶುರುವಾಯಿತು. ಮೂರನೆಯದು. ನಾಲ್ಕನೆಯದು. ಪ್ರಾರ್ಥನೆ ನಡೆಯುವಾಗ ಕೂರುವಂತಿಲ್ಲ, ಪ್ರಾರ್ಥನೆ ಮುಗಿಯದೆ ಸಭೆ ನಡೆಯುವಂತಿಲ್ಲ. ಐದನೆಯದಕ್ಕೆ ಅಧ್ಯಕ್ಷರು ಹತ್ತಿರ ಹೋಗಿ ಪಿಸುಗುಟ್ಟಿದರು.

"ಸಾಕು ಕಣ್ರವ್ವಾ, ಮಂತ್ರಿಗಳು ನಿಂತವ್ರೆ."

ದೊಡ್ಡವ್ವ ಎರಡು ಸಾಲಿನ ನಡುವೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಉತ್ತರ ಕೊಟ್ಟಳು. "ಆಸ್ಪತ್ರೆ ಮೂರ್ ವರ್ಷದಿಂದ ನಿಂತೈತೆ. ಅವ್ರೂ ಒಸಿ ನಿಂತಿರ್ಲಿ."

"ಈಯಮ್ಮನಿಗೆ ಏನು ಬೇಕಂತೆ?" ಮಂತ್ರಿಗಳು ಕೈಮುಗಿದುಕೊಂಡೇ ಕೇಳಿದರು.

"ನರ್ಸಮ್ಮ ಬೇಕಂತೆ, ಸಾ," ಎಂದರು ಅಧ್ಯಕ್ಷರು.

"ಕಳಿಸೋಣ ಅಂತ ಹೇಳ್ರಿ."

"ಏಳಿದ್ರೆ ಆಗಾಕಿಲ್ಲ ಸಾ. ಮುಟ್ಬೇಕು."

ಮಂತ್ರಿಗಳಿಗೆ ಅರ್ಥವಾಗಲಿಲ್ಲ, ಆದರೆ ಕಾಲು ನೋಯುತ್ತಿತ್ತು. ದೊಡ್ಡವ್ವ ಹಾಡುತ್ತಲೇ ಚಾಚಿದ ಹಳದಿ ಬಟ್ಟೆ ಮುಟ್ಟಿದರು. ವಚನ ಅರ್ಧ ಸಾಲಿಗೆ ನಿಂತಿತು, ಸಭೆ ಶುರುವಾಯಿತು. ಅವರ ಪಕ್ಕದಲ್ಲಿ ಕೂತ ಲೀಡರು ಮುಡಿಪಿನ ವಿಚಾರವನ್ನೂ ಎಮ್ಮೆಯ ವಿಚಾರವನ್ನೂ ಕಿವಿಯಲ್ಲಿ ವಿವರವಾಗಿ ಹೇಳಿದರು. ಹದಿನೈದನೇ ದಿನ ಹಾಸನದ ಬಸ್ಸಿನಿಂದ ಒಂದು ಟ್ರಂಕು, ಒಂದು ಕೊಡೆ, ಅವುಗಳ ಹಿಂದೆ ನರ್ಸಮ್ಮ ಇಳಿದರು.

ಆಸ್ಪತ್ರೆಯ ಬಾಗಿಲಿನ ಕಲ್ಲಿನ ಮೇಲೆ ಹನ್ನೊಂದು ಹೆಸರು ಕೆತ್ತಿಸಿದರು, ಎಲ್ಲ ಗಂಡಸರದು. ಆಸ್ಪತ್ರೆಗೆ ಜಾಗ ಕೊಟ್ಟ ಗೌಡರ ಹೆಸರಿತ್ತು, ಏನೂ ಕೊಡದ ಅವರ ಅಳಿಯನ ಹೆಸರೂ ಇತ್ತು. ಉದ್ಘಾಟನೆಯ ದಿನ ದೊಡ್ಡವ್ವನಿಗೆ ಪ್ರಾರ್ಥನೆ ಕೊಟ್ಟರು, "ಒಂದೇ ಒಂದು, ತಾಯಿ" ಎಂದು ಕೈಮುಗಿದು. ಒಂದೇ ಹಾಡಿದಳು. ಕಲ್ಲು ಓದಿಕೊಂಡು ನಾನು ಕುದಿಯುತ್ತಿದ್ದರೆ, ಆಕೆ ಒಳಗೆ ಹೋಗಿ ಮಂಚಗಳನ್ನು ಕೈಯಿಂದ ಅಲ್ಲಾಡಿಸಿ ನೋಡುತ್ತಿದ್ದಳು. ಅವತ್ತೇ ಆಫೀಸಿಗೆ ಹೋಗಿ ಆಸ್ಪತ್ರೆಯ ಗಂಟುಗಳನ್ನೆಲ್ಲ ಇಳಿಸಿದಳು. ಮೂಲೆಯದನ್ನು ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಆರು ವಾರದ ನಂತರ, ಒಂದು ಮಧ್ಯಾಹ್ನ, ನನ್ನ ಹೆಂಡತಿಗೆ ನೋವು ಶುರುವಾಯಿತು. ಹೆರಿಗೆ ಸುಲಭವಾಗಲಿಲ್ಲ. ನಾಲ್ಕು ಗಂಟೆ ಹೊತ್ತು ದೊಡ್ಡವ್ವ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತಿದ್ದಳು. ಕೊನೆಗೆ ನರ್ಸಮ್ಮ ಹೊರಗೆ ಬಂದು, "ಹೆಣ್ಣು ಮಗು. ತಾಯಿನೂ ಚೆನ್ನಾಗಿದಾರೆ" ಎಂದರು.

ದೊಡ್ಡವ್ವ ಎದ್ದೇಳಲಿಲ್ಲ. ಸೊಂಟದಿಂದ ಆ ಬೂದು ಗಂಟು ತೆಗೆದಳು. ಬಿಚ್ಚಲು ನೋಡಿದಳು, ಗಂಟು ಉಗುರಿಗೆ ಸಿಗಲಿಲ್ಲ. ನನ್ನ ಕೈಗೆ ಕೊಟ್ಟಳು.

"ನಿಮ್ಮವ್ವಂಗೆ ಜ್ವರ ಬಂದಿರ್ಲಿಲ್ಲ ಕಣ್ಲಾ."

ನಾನು ಆಕೆಯ ಮುಖ ನೋಡಿದೆ.

"ಗಾಡೀಲೇ ನೀನ್ ಉಟ್ಟಿದ್ದು. ನಿನ್ನ ನನ್ ಮಡ್ಲಿಗೆ ಆಕುದ್ರು. ಹೇಮಾವತಿ ದಾಟೋ ಒತ್ಗೆ ಅವ್ಳು ಓಗ್ಬುಟ್ಲು. ನನ್ನಿಂದಾನೇ ನಮ್ಮವ್ವ ಓದ್ಲು ಅಂತ ನಿಂಗೆ ಅನ್ನಿಸ್ಬಾರ್ದು ಅಂತ ಜ್ವರ ಅಂತ ಏಳ್ದೆ. ಇಪ್ಪತ್ತೇಳು ವರ್ಷ ಸುಳ್ಳೇಳಿದೀನಿ." ಸೆರಗಿನಿಂದ ಮುಖ ಒರೆಸಿಕೊಂಡಳು. "ಆವತ್ತೇ ಗಾಡೀಲಿ ಅವ್ಳ ಕೈ ಮುಟ್ಟಿಸಿ ಕಟ್ಟಿದ್ದು ಇದು. ಇನ್ನೊಬ್ಳು ಇಂಗೆ ದಾರೀಲಿ ಓಗ್ದಂಗೆ ನೋಡ್ಕತೀನಿ ಅಂತ. ಬಿಚ್ಚು, ಈಗ ಬಿಚ್ಬೋದು."

ಒಳಗಿನಿಂದ ನನ್ನ ಮಗಳು ಅಳುವುದು ಕೇಳಿಸುತ್ತಿತ್ತು. ನಾನು ಜವಳಿ ಅಂಗಡಿಯವನು. ಎಂಥ ಬಿಗಿಯಾದ ಗಂಟನ್ನಾದರೂ ಗಿರಾಕಿ ಮಾತು ಮುಗಿಸುವುದರೊಳಗೆ ಬಿಚ್ಚುತ್ತೇನೆ. ಆ ಒಂದು ಗಂಟು ಬಿಚ್ಚಲು ಮಾತ್ರ ನನಗೆ ತುಂಬಾ ಹೊತ್ತು ಹಿಡಿಯಿತು. ಕಣ್ಣು ಕಾಣಿಸುತ್ತಿರಲಿಲ್ಲ.